ನಾಲ್ಕು ಗಂಟೆಯ ಸಿಹಿ

ವಾಲ್ ನದಿಯ ಮೇಲೆ ಅಂಗಡಿ ದೋಣಿ ನಡೆಸುತ್ತಿದ್ದ ಕ್ರೈನ್‌ಗೆ ಹಡಗಿನವರ ಹೆಸರು ಮರೆತರೂ ಅವರ ಬಾಯಿಚಪಲ ಮರೆಯುತ್ತಿರಲಿಲ್ಲ. ಇಂಥವರಿಗೆ ಹೊಗೆ ಹಾಕಿದ ಮೀನು, ಇಂಥವರಿಗೆ ಬಿಯರು, ಇಂಥವರ ನಾಯಿಗೆ ಮೂಳೆ ಎಂದು ದೂರದಿಂದಲೇ ಹಡಗಿನ ಮೂತಿ ನೋಡಿ ಸಾಮಾನು ತೆಗೆದಿಡುವವನು ಅವನು. ‘ಗೇಸೀನಾ’ ಎಂಬ ಹಡಗು ಕಂಡರೆ ಅವನ ಕೈ ತಾನಾಗಿ ಸಿಹಿತಿಂಡಿಯ ಕಪಾಟಿಗೆ ಹೋಗುತ್ತಿತ್ತು. ಬಾದಾಮಿ ಹೂರಣ ತುಂಬಿದ ದಪ್ಪ ಬಿಸ್ಕತ್ತು, ನಡುವೆ ಪಾಕ ಸವರಿದ ತೆಳು ಬಿಲ್ಲೆ, ಜ್ಯೇಷ್ಠಮಧುವಿನ ಕಪ್ಪು ಮಿಠಾಯಿ, ಬ್ರೆಡ್ಡಿನ ಮೇಲೆ ಉದುರಿಸಿಕೊಳ್ಳುವ ಚಾಕೊಲೇಟ್ ಕಾಳು. ಓಡುತ್ತಿರುವ ಹಡಗಿನ ಪಕ್ಕೆಗೆ ದೋಣಿಯನ್ನು ಆನಿಸಿ, ಹಗ್ಗ ಬಿಗಿದು ಕೂಗುತ್ತಿದ್ದ.

“ಯಜಮಾನ್ತಿ, ಬಾದಾಮಿದು ಬೆಳಿಗ್ಗೆ ತಾನೇ ಒಲೆಯಿಂದ ಇಳಿದಿರೋದು. ಎಷ್ಟು ಹಾಕ್ಲಿ?”

“ಅದನ್ನೂ ಕೇಳ್ತೀಯಲ್ಲ. ಹಾಕು.”

“ರೂಲೊಫ್‌ಗೆ?”

“ಅವನಿಗೆ ಒಂದು ಉಪ್ಪು ಮೀನು ಕೊಡು. ಸಿಹಿತಿಂಡಿ ಮುಟ್ಟಲ್ಲ ಅವನು. ಅದಕ್ಕೇ ಮುಖ ಹಂಗಿರೋದು.”

ಚುಕ್ಕಾಣಿ ಕೋಣೆಯಲ್ಲಿ ನಿಂತ ಗಂಡ ರೂಲೊಫ್ ಇದನ್ನು ಕೇಳಿಸಿಕೊಂಡರೂ ತಿರುಗಿ ನೋಡುತ್ತಿರಲಿಲ್ಲ.

ಆ ಯಜಮಾನ್ತಿ ಯಾಂಟೀನಾಗೆ ಆಗ ಐವತ್ತಾರು ವರ್ಷ. ಗಂಡ ಹೆಂಡತಿ ಇಬ್ಬರೇ ನಡೆಸುವ ಸರಕಿನ ಹಡಗು ಅದು. ರಾಟರ್‌ಡ್ಯಾಮಿನಲ್ಲಿ ದನದ ಹಿಂಡಿ ತುಂಬಿಕೊಂಡು ಜರ್ಮನಿಯ ಕಡೆಗೆ ಮೇಲಕ್ಕೆ, ಅಲ್ಲಿಂದ ಜಲ್ಲಿ ತುಂಬಿಕೊಂಡು ಕೆಳಕ್ಕೆ, ವರ್ಷವಿಡೀ ಇದೇ ಓಡಾಟ. ಹಡಗಿಗೆ ಇಟ್ಟಿದ್ದು ರೂಲೊಫನ ತಾಯಿಯ ಹೆಸರು. ನದಿಯ ಮೇಲೆ ವೈರ್‌ಲೆಸ್‌ನಲ್ಲಿ ಕ್ರೈನನೊಬ್ಬನನ್ನು ಬಿಟ್ಟು ಉಳಿದವರನ್ನು ಯಾರೂ ಅವರ ಹೆಸರು ಹಿಡಿದು ಕರೆಯುವುದಿಲ್ಲ, ಹಡಗಿನ ಹೆಸರನ್ನೇ ಕರೆಯುತ್ತಾರೆ. ಹೀಗಾಗಿ ಮದುವೆಯಾದ ದಿನದಿಂದ ಯಾಂಟೀನಾ ದಿನಕ್ಕೆ ಹತ್ತಾರು ಸಲ ಅತ್ತೆಯ ಹೆಸರಿಗೆ ಓಗೊಡುತ್ತ ಬಂದಿದ್ದಳು.

ಆ ಅತ್ತೆ ಹದ್ದುಬಸ್ತಿನ ಹೆಂಗಸು. ಕಾಫಿಯ ಹೊತ್ತಿಗೆ ಬಿಸ್ಕತ್ತಿನ ಡಬ್ಬಿ ಒಂದು ಸುತ್ತು ಬರುತ್ತಿತ್ತು, ತಲೆಗೊಂದು ತೆಗೆದುಕೊಳ್ಳಬೇಕು, ಆಮೇಲೆ ಮುಚ್ಚಳ ಬಿಗಿದು ಕಪಾಟಿನೊಳಗೆ. ಅದರಲ್ಲಿ ವಿಶೇಷವೇನೂ ಇಲ್ಲ, ಅಲ್ಲಿನ ಎಲ್ಲ ಮನೆಗಳಲ್ಲೂ ನಡೆದುಬಂದದ್ದೇ. ಯಾಂಟೀನಾ ಕೂಡ ನಾಲ್ಕು ಜನರ ಎದುರಿಗೆ ಒಂದೇ ತಿನ್ನುತ್ತಿದ್ದಳು. ಒಬ್ಬಳೇ ಚುಕ್ಕಾಣಿ ಹಿಡಿದು ನಿಂತಾಗ ಮಾತ್ರ ಡಬ್ಬಿಗೆ ಮುಚ್ಚಳ ಹಾಕುತ್ತಲೇ ಇರಲಿಲ್ಲ.

ಹಾಗೆ ತಿನ್ನುವುದನ್ನು ಅವಳು ಕಲಿತದ್ದು ಹಾಸ್ಟೆಲ್ಲಿನಲ್ಲಿ. ಅಪ್ಪ ಅಮ್ಮನಿಗೆ ಹಡಗೇ ಮನೆ, ಮಕ್ಕಳಿಗೆ ಶಾಲೆ ದಡದ ಮೇಲೆ. ಏಳು ವರ್ಷವಾಗುತ್ತಲೇ ಅವಳನ್ನು ನೈಮೇಹೆನ್ ಊರಿನಲ್ಲಿ ಹಡಗಿನವರ ಮಕ್ಕಳ ಹಾಸ್ಟೆಲ್ಲಿಗೆ ಸೇರಿಸಿದರು. ಹಡಗು ಆ ಕಡೆ ಬಂದ ಭಾನುವಾರ ಅಮ್ಮ ಬರುತ್ತಿದ್ದಳು, ಬಾರದ ಭಾನುವಾರ ಇಲ್ಲ. ಅಮ್ಮ ಅಳುವ ಹೆಂಗಸೂ ಅಲ್ಲ, ತಬ್ಬಿಕೊಳ್ಳುವ ಹೆಂಗಸೂ ಅಲ್ಲ. ಸಿಹಿಯ ಡಬ್ಬಿ ಕೈಗಿಟ್ಟು, “ಎಲ್ಲರ ಜೊತೆ ಹಂಚ್ಕೊಂಡು ತಿನ್ನು” ಎಂದು ಹೇಳಿ ಬಸ್ಸು ಹತ್ತುತ್ತಿದ್ದಳು. ಹಂಚಲು ಹೊರಟರೆ ದೊಡ್ಡ ಹುಡುಗಿಯರು ಡಬ್ಬಿಯನ್ನೇ ಕಸಿದುಕೊಳ್ಳುತ್ತಿದ್ದರು. ಉಳಿಸಿಟ್ಟರೆ ಬೆಳಗಾಗುವುದರೊಳಗೆ ಖಾಲಿಯಾಗುತ್ತಿತ್ತು. ಆದ್ದರಿಂದ ಯಾಂಟೀನಾ ಕಕ್ಕಸುಕೋಣೆಯ ಬಾಗಿಲು ಹಾಕಿಕೊಂಡು, ರುಚಿ ನೋಡಲು ಕೂಡ ನಿಲ್ಲದೆ, ಎಲ್ಲವನ್ನೂ ಒಂದೇ ಬಾರಿಗೆ ತಿಂದು ಮುಗಿಸುತ್ತಿದ್ದಳು. ಮುಂದೆ ತನ್ನ ಮಗಳು ಲೀಸ್ಬೆತ್ ಅದೇ ಹಾಸ್ಟೆಲ್ಲಿಗೆ ಹೋದಾಗ ತಾನೂ ಡಬ್ಬಿ ಹೊತ್ತುಕೊಂಡು ಹೋದಳು, ಅದೇ ಮಾತು ಹೇಳಿ ಬಂದಳು. ಅದನ್ನು ಕುರಿತು ಅವಳು ಹೆಚ್ಚೇನೂ ಯೋಚಿಸಿದವಳಲ್ಲ.

ಆ ಐವತ್ತಾರನೆಯ ವಯಸ್ಸಿನ ಬೇಸಿಗೆಯಲ್ಲಿ ಬಾಯಾರಿಕೆ ಶುರುವಾಯಿತು. ಎಷ್ಟು ನೀರು ಕುಡಿದರೂ ನಾಲಿಗೆ ಒಣಗಿಯೇ ಇರುತ್ತಿತ್ತು. ಚುಕ್ಕಾಣಿ ಹಿಡಿದು ಅರ್ಧ ಗಂಟೆ ನಿಲ್ಲಲಾಗದೆ ರೂಲೊಫನನ್ನು ಕೂಗಿ ಕೆಳಗೆ ಕಕ್ಕಸುಕೋಣೆಗೆ ಓಡುತ್ತಿದ್ದಳು.

“ನದಿ ಸಾಲ್ದು ಅಂತ ನೀನೂ ತುಂಬಿಸ್ತಿದೀಯಾ?” ಎಂದು ರೂಲೊಫ್ ಕೇಳಿದ. ಅವನು ಅಪರೂಪಕ್ಕೆ ಮಾಡುವ ತಮಾಷೆ. ಅವಳು ನಕ್ಕಳು. ಆದರೆ ಹಡಗುಗಳಿಗೆ ದಾರಿ ತೋರಲು ನೀರಿನ ಮೇಲೆ ಬಿಟ್ಟಿದ್ದ ಕೆಂಪು ತೇಲುಗುರುತು ಒಂದು ದಿನ ಎರಡಾಗಿ ಕಂಡಾಗ ಅವಳಿಗೆ ನಗು ಬರಲಿಲ್ಲ. ಹಡಗು ವೆರ್ಕೆಂಡಾಮ್ ಊರಿಗೆ ಬಂದಾಗ ಡಾಕ್ಟರ ಬಳಿ ಹೋದಳು. ರಕ್ತ ನೋಡಿದರು. ಸಕ್ಕರೆ ಕಾಯಿಲೆ ಎಂದರು. ಮಾತ್ರೆ ಬರೆದುಕೊಟ್ಟು, ಊಟ ತಿಂಡಿಯ ವಿಚಾರವನ್ನು ಹನ್ನೆಕೆ ಎಂಬ ನರ್ಸಿಗೆ ಒಪ್ಪಿಸಿದರು. ಹನ್ನೆಕೆಗೆ ಯಾಂಟೀನಾಳ ಮಗಳ ವಯಸ್ಸು. ಏನು ತಿನ್ನಬಹುದು, ಎಷ್ಟು ತಿನ್ನಬಹುದು ಎಂದು ಅವಳು ನಿಧಾನವಾಗಿ ಹೇಳುತ್ತ ಹೋದಳು. ಯಾಂಟೀನಾಳ ಕಿವಿಗೆ ಬಿದ್ದದ್ದು ‘ಸಿಹಿ ಕಡಿಮೆ’ ಎಂಬುದೊಂದೇ. ಕಡಿಮೆ ಮಾಡುವುದು ಹೇಗೆಂದು ಅವಳಿಗೆ ಗೊತ್ತಿರಲಿಲ್ಲ. ಪೂರ್ತಿ ಬಿಡುವುದು ಹೇಗೆಂದು ಗೊತ್ತಿದೆ ಎಂದುಕೊಂಡಳು.

ಹಡಗಿಗೆ ಮರಳಿದವಳೇ ಕಪಾಟು ತೆರೆದು ಕುಳಿತಳು. ಬಿಸ್ಕತ್ತು, ಮಿಠಾಯಿ, ಜಾಮು, ಜೇನು, ಚಾಕೊಲೇಟ್ ಕಾಳು, ಕೊನೆಗೆ ಸಕ್ಕರೆಯ ಡಬ್ಬಿಯನ್ನೂ ಬುಟ್ಟಿಗೆ ತುಂಬಿ ಪಕ್ಕದ ಹಡಗಿನವರಿಗೆ ಕೊಟ್ಟುಬಂದಳು.

“ಸಕ್ಕರೆ ನಾನು ಕಾಫಿಗೆ ಹಾಕ್ಕೋತೀನಿ” ಎಂದ ರೂಲೊಫ್.

“ಇನ್ಮೇಲೆ ಹಾಕ್ಕೊಳ್ಳಲ್ಲ.”

“ಕಾಯಿಲೆ ನಿನಗಲ್ವಾ ಬಂದಿರೋದು?”

“ಹಡಗು ಒಂದೇ ಅಲ್ವಾ? ಕಣ್ಣಿಗೆ ಬಿದ್ರೆ ತಿಂತೀನಿ ನಾನು. ನನ್ನ ನಾನು ಕಂಡಿದೀನಿ.”

ಮಾರನೆಯ ದಿನ ವೈರ್‌ಲೆಸ್‌ನಲ್ಲಿ ಕ್ರೈನನನ್ನು ಕರೆದು, ಇನ್ನು ತನಗೆ ಸಿಹಿ ಮಾರಬಾರದು, ತಾನು ಕೇಳಿದರೂ ಕೊಡಬಾರದು ಎಂದು ಹೇಳಿದಳು. ನದಿಯ ಮೇಲೆ ವೈರ್‌ಲೆಸ್ ಎಂದರೆ ಊರ ನಡುವಿನ ಕಟ್ಟೆಯ ಹಾಗೆ, ಒಬ್ಬರಿಗೆ ಹೇಳಿದ್ದನ್ನು ಎಲ್ಲರೂ ಕೇಳುತ್ತಾರೆ.

“ಕ್ರೈನ್, ಹಂಗಾದ್ರೆ ನಿನ್ನ ಅಂಗಡಿ ಮುಚ್ಚು” ಎಂದಿತು ಯಾವುದೋ ಹಡಗಿನ ಗಂಡು ದನಿ.

“ಗೇಸೀನಾ, ನಿನ್ನ ಪಾಲಿಂದು ನಮಗೆ ಕಳಿಸ್ಕೊಡು” ಎಂದಿತು ಇನ್ನೊಂದು.

ಯಾಂಟೀನಾ ವೈರ್‌ಲೆಸ್ಸಿನ ದನಿ ತಗ್ಗಿಸಿದಳು.

ಮೊದಮೊದಲು ನಡೆಯಿತು. ಬೆಳಿಗ್ಗೆ ಕರಿಬ್ರೆಡ್ಡು, ಚೀಸು. ಮಧ್ಯಾಹ್ನ ಸೂಪು. ರಾತ್ರಿ ಒಂದು ಆಲೂಗೆಡ್ಡೆ, ತಟ್ಟೆ ತುಂಬ ಬೇಯಿಸಿದ ಎಲೆಕೋಸು. ಅದೆಲ್ಲ ಅವಳಿಗೆ ಕಷ್ಟವಾಗಲಿಲ್ಲ. ಕಷ್ಟವಾಗುತ್ತಿದ್ದುದು ಮಧ್ಯಾಹ್ನ ನಾಲ್ಕರ ಸುಮಾರಿಗೆ. ರೂಲೊಫ್ ಕೆಳಗೆ ಮಲಗಿರುತ್ತಿದ್ದ. ನದಿ ನೇರವಾಗಿ ಚಾಚಿಕೊಂಡಿರುತ್ತಿತ್ತು, ಎರಡೂ ದಡದಲ್ಲಿ ಒಂದೇ ಬಗೆಯ ಹುಲ್ಲು, ಒಂದೇ ಬಗೆಯ ದನ. ಮಾಡಲು ಕೆಲಸವಿಲ್ಲ, ಆದರೆ ಕಣ್ಣು ತೆಗೆಯುವಂತಿಲ್ಲ. ಆಗ ಕೈ ತಾನಾಗಿ ಪಕ್ಕಕ್ಕೆ ಹೋಗುತ್ತಿತ್ತು, ಡಬ್ಬಿ ಇರುತ್ತಿದ್ದ ಕಡೆಗೆ. ಬಾಯಲ್ಲಿ ನೀರೂರುವುದಲ್ಲ ಅದು, ಹಲ್ಲಿನ ಬುಡದಲ್ಲಿ ಯಾರೋ ಜಗ್ಗಿದ ಹಾಗೆ. ಅವಳು ನೀರು ಕುಡಿದಳು, ಸಕ್ಕರೆ ಇಲ್ಲದ ಚೂಯಿಂಗ್ ಗಮ್ ಅಗಿದಳು, ಗಟ್ಟಿಯಾಗಿ ಹಾಡಿದಳು. ಹಾಡು ಕೇಳಿ ರೂಲೊಫ್ ಎದ್ದು ಬಂದ. ಅದೊಂದೇ ಆದ ಲಾಭ.

ಶರತ್ಕಾಲ ಬಂತು. ಡೀಸೆಲ್ ತುಂಬಿಸಿಕೊಳ್ಳಲು ಹಡಗು ನಿಂತಾಗ ಅವಳು ಕೈಕಾಲು ಆಡಿಸಿ ಬರುವೆನೆಂದು ದಡಕ್ಕಿಳಿದಳು. ಬೇಕರಿಗೆ ಹೋಗಿ ಬಾದಾಮಿ ಬಿಸ್ಕತ್ತಿನ ಪೊಟ್ಟಣ ಕೊಂಡಳು. ಹಡಗಿನ ಮುಂಭಾಗದಲ್ಲಿ ಹಗ್ಗ, ಬಣ್ಣದ ಡಬ್ಬ ಇಡುವ ಇಕ್ಕಟ್ಟಾದ ಗೂಡಿದೆ. ಅದರೊಳಗೆ ಕೂತು, ಬಣ್ಣದ ವಾಸನೆಯಲ್ಲಿ, ಒಂದರ ಹಿಂದೊಂದು ಎಲ್ಲವನ್ನೂ ತಿಂದಳು. ರುಚಿ ನೆನಪಿಲ್ಲ. ಮಾರನೆಯ ದಿನ ಪ್ರಾಯಶ್ಚಿತ್ತವೆಂಬಂತೆ ಮಧ್ಯಾಹ್ನದ ಊಟ ಬಿಟ್ಟಳು. ಆಮೇಲೆ ಅದೇ ರೂಢಿಯಾಯಿತು. ದಡ ಸಿಕ್ಕ ದಿನ ಗೂಡಿನಲ್ಲಿ ತಿನ್ನುವುದು, ಮರುದಿನ ಹೊಟ್ಟೆಗೆ ಏನೂ ಹಾಕದೆ ಸರಿದೂಗಿಸುವುದು. ಊಟ ಬಿಟ್ಟ ದಿನ ನಾಲ್ಕು ಗಂಟೆ ಇನ್ನೂ ಉಗ್ರವಾಗಿ ಬರುತ್ತಿತ್ತು. ಅದಕ್ಕೂ ಇದಕ್ಕೂ ಸಂಬಂಧವಿದೆ ಎಂದು ಅವಳಿಗೆ ಹೊಳೆಯಲಿಲ್ಲ.

ಮುಂದಿನ ಸಲ ರಕ್ತ ನೋಡಿದಾಗ ಸಕ್ಕರೆ ಏರಿತ್ತು. ಹನ್ನೆಕೆ ಹುಬ್ಬು ಗಂಟಿಕ್ಕಿದಳು.

“ಸಿಹಿ ಏನಾದ್ರೂ ತಿಂತಿದೀರಾ?”

“ಹಡಗಲ್ಲಿ ಒಂದು ಹರಳು ಸಕ್ಕರೆ ಇಲ್ಲ. ಇವನ್ನ ಕೇಳಿ” ಎಂದಳು ಯಾಂಟೀನಾ. ಪಕ್ಕದಲ್ಲಿ ಕೂತಿದ್ದ ರೂಲೊಫ್ ಹೌದೆಂದು ತಲೆಯಾಡಿಸಿದ. ಅವನಿಗೆ ತಿಳಿದಿದ್ದ ಮಟ್ಟಿಗೆ ಅದು ನಿಜವೇ.

ಡಾಕ್ಟರು ಇನ್ನೊಂದು ಮಾತ್ರೆ ಸೇರಿಸಿದರು. ಹನ್ನೆಕೆ ಎಚ್ಚರಿಸಿದಳು. “ಇದು ಸಕ್ಕರೆನ ಜೋರಾಗಿ ಇಳಿಸೋ ಮಾತ್ರೆ. ಇದನ್ನ ನುಂಗಿ ಊಟ ತಪ್ಪಿಸೋ ಹಂಗಿಲ್ಲ. ತಪ್ಪಿಸಿದ್ರೆ ಮೈ ಬೆವರುತ್ತೆ, ಕೈ ನಡುಗುತ್ತೆ, ಮಾತು ಅಡ್ಡಾದಿಡ್ಡಿ ಆಗುತ್ತೆ. ಹಂಗೇನಾದ್ರೂ ಆದ್ರೆ ತಕ್ಷಣ ಸಕ್ಕರೆ ನೀರು ಕುಡೀಬೇಕು. ನೀವು ಚುಕ್ಕಾಣಿ ಬೇರೆ ಹಿಡೀತೀರ.”

“ಊಟ ಯಾರು ಬಿಡ್ತಾರೆ?” ಎಂದಳು ಯಾಂಟೀನಾ.

ಎಡವಟ್ಟಾದದ್ದು ನವೆಂಬರಿನಲ್ಲಿ. ಹಿಂಡಿ ತುಂಬಿದ ಹಡಗು ತೀಲ್ ಊರನ್ನು ದಾಟಿ ಪ್ರವಾಹಕ್ಕೆ ಎದುರಾಗಿ ತೆವಳುತ್ತಿತ್ತು. ಹಿಂದಿನ ದಿನ ಗೂಡಿನಲ್ಲಿ ಬಿಸ್ಕತ್ತು ತಿಂದದ್ದಾಗಿತ್ತು. ಆದ್ದರಿಂದ ಆ ದಿನ ಯಾಂಟೀನಾ ಬೆಳಿಗ್ಗೆ ಮಾತ್ರೆ ನುಂಗಿ ಕಾಫಿಯಷ್ಟೇ ಕುಡಿದಿದ್ದಳು. ಡೆಕ್ಕು ತೊಳೆದಳು, ಹಗ್ಗ ಸುತ್ತಿಟ್ಟಳು. ಮಧ್ಯಾಹ್ನ ಸೂಪು ರೂಲೊಫ್‌ಗೆ ಮಾತ್ರ ಬಡಿಸಿ, ತನ್ನದಾಯಿತೆಂದು ಹೇಳಿ ಚುಕ್ಕಾಣಿಗೆ ಬಂದಳು. ರೂಲೊಫ್ ಕೆಳಗೆ ತಟ್ಟೆ ತೊಳೆಯುತ್ತಿದ್ದ.

ನದಿಯಲ್ಲಿ ಮೇಲಕ್ಕೆ ಹೋಗುವ ಹಡಗಿನವರು ಯಾವ ಪಕ್ಕದಿಂದ ಹಾಯಬೇಕೆಂದು ನಿರ್ಧರಿಸುತ್ತಾರೆ. ಬಲಪಕ್ಕವಾದರೆ ನೀಲಿ ಹಲಗೆ ಎತ್ತಿ ತೋರಿಸಬೇಕು. ತಿರುವಿನಲ್ಲಿ ಎದುರಿಗೆ ಬರುತ್ತಿದ್ದ ಹಡಗಿನವನು ಹಲಗೆ ಕಾಣದೆ ವೈರ್‌ಲೆಸ್‌ನಲ್ಲಿ ಕೇಳಿದ.

“ಗೇಸೀನಾ, ಗೇಸೀನಾ. ಯಾವ ಕಡೆಯಿಂದ ಬರ್ತೀಯಾ?”

ಉತ್ತರ ಇಲ್ಲ. ಅವನು ಮತ್ತೆ ಕರೆದ.

“ಗೇಸೀನಾ ಸತ್ತು ಹನ್ನೆರಡು ವರ್ಷ ಆಯ್ತು” ಎಂದಳು ಯಾಂಟೀನಾ. “ಅವಳನ್ನ ಯಾಕೆ ಕರೀತೀಯಾ? ಅವಳು ಬರಲ್ಲ.”

ಕೆಳಗಿನ ಅಡುಗೆ ಕೋಣೆಯಲ್ಲೂ ವೈರ್‌ಲೆಸ್ಸಿನ ಸ್ಪೀಕರು ಇತ್ತು. ಯಾರೋ ನಕ್ಕದ್ದು ಕೇಳಿಸಿತು. ರೂಲೊಫ್‌ಗೂ ಮೊದಲು ನಗು ಬಂತು, ಒಂದು ಕ್ಷಣ ಮಾತ್ರ. ಒದ್ದೆ ಕೈಯಲ್ಲೇ ಮೆಟ್ಟಿಲೇರಿ ಬಂದ. ಯಾಂಟೀನಾ ಚುಕ್ಕಾಣಿ ಹಿಡಿದೇ ನಿಂತಿದ್ದಳು. ಕೂದಲು ಹಣೆಗೆ ಅಂಟಿತ್ತು, ಚಳಿಯಲ್ಲೂ ಅಂಗಿ ಬೆನ್ನಿಗೆ ಅಂಟಿತ್ತು. ಹಡಗಿನ ಮೂತಿ ಮೆಲ್ಲಗೆ ಎಡದಂಡೆಯ ಕಲ್ಲುಗಳ ಕಡೆಗೆ ತಿರುಗುತ್ತಿತ್ತು. ರೂಲೊಫ್ ಅವಳನ್ನು ತಳ್ಳಿ ಚುಕ್ಕಾಣಿ ಹಿಡಿದು, ಹಲಗೆ ಎತ್ತಿ, ವೈರ್‌ಲೆಸ್‌ನಲ್ಲಿ ಎರಡೇ ಮಾತಿನಲ್ಲಿ ದಾರಿ ಹೇಳಿದ. ಎದುರಿನ ಹಡಗು ಅವರ ಬಲಪಕ್ಕದಲ್ಲಿ ಅಲೆ ಎಬ್ಬಿಸಿ ಹಾದುಹೋಯಿತು.

“ನನ್ನ ಯಾಕೆ ತಳ್ತೀಯಾ?” ಎಂದು ಯಾಂಟೀನಾ ಜಗಳಕ್ಕೆ ನಿಂತಳು. “ಮೂವತ್ತು ವರ್ಷದಿಂದ ತಳ್ತಾನೇ ಇದೀಯಾ.”

“ಊಟ ಮಾಡಿದ್ಯಾ?”

“ನಿಮ್ಮಮ್ಮನ್ನ ಕೇಳು.”

ರೂಲೊಫ್‌ಗೆ ನರ್ಸು ಹೇಳಿದ್ದು ನೆನಪಾಯಿತು. ಜೊತೆಗೇ ಕಪಾಟು ಖಾಲಿ ಇರುವುದೂ ನೆನಪಾಯಿತು. ಸಕ್ಕರೆ ಇಲ್ಲ, ಜೇನು ಇಲ್ಲ, ಜಾಮು ಇಲ್ಲ. ಕೆಳಗೆ ಹಾಲಿದೆ, ಬ್ರೆಡ್ಡಿದೆ. ಆದರೆ ತಿರುವಿನಲ್ಲಿ ತುಂಬಿದ ಹಡಗಿನ ಚುಕ್ಕಾಣಿ ಬಿಟ್ಟು ಹೋಗುವಂತಿಲ್ಲ, ಅವಳನ್ನು ಕೆಳಗೆ ಕಳಿಸುವಂತೆಯೂ ಇಲ್ಲ, ಮೆಟ್ಟಿಲು ಕಡಿದಾಗಿತ್ತು. ಅವನು ವೈರ್‌ಲೆಸ್ ಎತ್ತಿಕೊಂಡ.

“ಕ್ರೈನ್, ಎಲ್ಲಿದೀಯಾ?”

“ನಿನ್ನ ಹಿಂದೇನೇ, ತೀಲ್ ಹತ್ರ.”

“ಬೇಗ ಬಾ. ಸಿಹಿ ತಗೊಂಡು ಬಾ, ಕುಡಿಯೋ ಅಂಥದ್ದು. ಯಾಂಟೀನಾಗೆ ಶುಗರ್ ಇಳಿದುಹೋಗಿದೆ.”

ಆಮೇಲೆ ವೈರ್‌ಲೆಸ್‌ನಲ್ಲಿ ಯಾರೂ ನಗಲಿಲ್ಲ. ಮೇಲಿಂದ ಬರುತ್ತಿದ್ದ ಹಡಗುಗಳು ತಾವಾಗಿ ವೇಗ ತಗ್ಗಿಸಿ ದಾರಿ ಬಿಟ್ಟವು. ರೂಲೊಫ್ ಒಂದು ಕೈಯಲ್ಲಿ ಚುಕ್ಕಾಣಿ, ಇನ್ನೊಂದು ಕೈಯಲ್ಲಿ ಹೆಂಡತಿಯ ತೋಳು ಹಿಡಿದುಕೊಂಡು ನಿಂತಿದ್ದ. ಅವಳು ಅವನ ಕೈಯನ್ನು ಕೊಸರಿ ಕೊಸರಿ, ಕೊನೆಗೆ ಸುಸ್ತಾಗಿ ನೆಲದ ಮೇಲೆ ಕುಳಿತಳು. ಅಂಗಡಿ ದೋಣಿ ಪಕ್ಕೆಗೆ ತಾಗಿದ ಸದ್ದಾಯಿತು. ಕ್ರೈನ್ ಕಿತ್ತಳೆ ಶರಬತ್ತಿನ ಬಾಟಲಿ ಹಿಡಿದು ಮೇಲೆ ಬಂದ, ನೀರು ಬೆರೆಸಿದ ಲೋಟವನ್ನು ಅವಳ ಬಾಯಿಗೆ ಹಿಡಿದ.

“ನಂಗೆ ಸಿಹಿ ಕೊಡ್ಬೇಡ ಅಂದಿದ್ನಲ್ಲ” ಎಂದಳು ಅವಳು, ಹಲ್ಲು ಕಚ್ಚಿಕೊಂಡು.

“ಇದು ರೂಲೊಫ್‌ಗೆ ತಂದಿದ್ದು. ಹುಳಿ ಇದೆಯೋ ಏನೋ ನೋಡು ಅಂತಿದಾನೆ. ರುಚಿ ನೋಡಿ ಹೇಳು.”

ಅವಳು ರುಚಿ ನೋಡಿದಳು. ಪೂರ್ತಿ ಲೋಟ ಕುಡಿದಳು. ಕಾಲು ಗಂಟೆಯ ಹೊತ್ತಿಗೆ ನೋಟ ಸ್ಥಿಮಿತಕ್ಕೆ ಬಂತು. ಸುತ್ತ ನೋಡಿ, ತಾನು ನೆಲದ ಮೇಲೆ ಏಕೆ ಕುಳಿತಿದ್ದೇನೆ ಎಂದು ಕೇಳಿದಳು. ಕ್ರೈನ್ ಕೆಳಗೆ ಹೋಗಿ ಚೀಸು ಇಟ್ಟ ಬ್ರೆಡ್ಡು ತಂದು ಅವಳ ಕೈಗೆ ಕೊಟ್ಟ. ಅವಳು ತಿನ್ನುತ್ತ ಕುಳಿತಿದ್ದಷ್ಟು ಹೊತ್ತೂ ಅವನ ದೋಣಿ ಹಡಗಿನ ಜೊತೆಗೆ ಮೇಲಕ್ಕೆ ಸಾಗಿತು.

ಆ ಸಂಜೆ ಹಡಗು ಕಟ್ಟಿದ ಮೇಲೆ ಅವಳು ರೂಲೊಫನನ್ನು ಮುಂಭಾಗಕ್ಕೆ ಕರೆದುಕೊಂಡು ಹೋಗಿ ಗೂಡಿನ ಬಾಗಿಲು ತೆಗೆದು ತೋರಿಸಿದಳು. ಹಗ್ಗದ ಸುರುಳಿಯ ಹಿಂದೆ ಖಾಲಿ ಪೊಟ್ಟಣಗಳಿದ್ದವು. ರೂಲೊಫ್ ಬಗ್ಗಿ ನೋಡಿದ.

“ಇಲ್ಲಿ ಕೂತ್ಕೊಂಡು ಹೆಂಗೆ ತಿಂದೆ? ತಲೆ ತಗುಲಲ್ವಾ?”

“ತಗುಲುತ್ತೆ.”

“ಇನ್ಮೇಲೆ ಅಡುಗೆ ಕೋಣೆಯಲ್ಲಿ ತಿನ್ನು” ಎಂದು ಅವನು ಪೊಟ್ಟಣಗಳನ್ನು ಆಯ್ದುಕೊಂಡು ಹೊರಟುಹೋದ.

ಹನ್ನೆಕೆಗೂ ಅವಳು ಎಲ್ಲವನ್ನೂ ಹೇಳಿದಳು, ಗೂಡು, ಬಿಸ್ಕತ್ತು, ಬಿಟ್ಟ ಊಟ, ನಾಲ್ಕು ಗಂಟೆಯ ಸೆಳೆತ. ಬೈಸಿಕೊಳ್ಳಲು ಸಿದ್ಧಳಾಗಿ ಹೋಗಿದ್ದಳು. ಹನ್ನೆಕೆ ಬೈಯಲಿಲ್ಲ. ಡಾಕ್ಟರನ್ನು ಕೇಳಿ ಆ ಎರಡನೆಯ ಮಾತ್ರೆ ನಿಲ್ಲಿಸಿದಳು. ಅವರು ಒಪ್ಪುವವರೆಗೆ ಚುಕ್ಕಾಣಿ ಬೇಡ ಎಂದಳು. ಕೊನೆಯದು ಯಾಂಟೀನಾಗೆ ಬೈಗುಳಕ್ಕಿಂತ ಹೆಚ್ಚು ನಾಟಿತು.

“ಒಂದು ಕೇಳ್ತೀನಿ” ಎಂದಳು ಹನ್ನೆಕೆ. “ಇಷ್ಟೆಲ್ಲ ಸಿಹಿ ತಿಂದಿದೀರಲ್ಲ, ಅದರಲ್ಲಿ ನಿಮಗೆ ನಿಜವಾಗ್ಲೂ ಇಷ್ಟ ಯಾವುದು?”

“ಎಲ್ಲಾ ಇಷ್ಟಾನೇ.”

“ಎಲ್ಲಾ ಅಂದ್ರೆ?”

ಯಾಂಟೀನಾ ಯೋಚಿಸಿದಳು. ಯಾರೂ ಅವಳನ್ನು ಹಾಗೆ ಕೇಳಿದ್ದಿಲ್ಲ. ಜ್ಯೇಷ್ಠಮಧುವಿನ ಮಿಠಾಯಿ ತಿನ್ನುತ್ತಿದ್ದುದು ಅದು ಬೇಗ ಮುಗಿಯುವುದಿಲ್ಲವೆಂದು. ಪಾಕದ ಬಿಲ್ಲೆ ಹಲ್ಲಿಗಂಟುತ್ತದೆ. ಚಾಕೊಲೇಟ್ ಕಾಳು ಮಕ್ಕಳ ಕಾಲದಿಂದ ಉಳಿದುಬಂದ ಅಭ್ಯಾಸ. “ಬಾದಾಮಿದು” ಎಂದಳು ಕೊನೆಗೆ.

“ಹಂಗಾದ್ರೆ ಉಳಿದಿದ್ದನ್ನೆಲ್ಲ ಬಿಟ್ಟುಬಿಡಿ. ಬಾದಾಮಿದನ್ನ ಬಿಡ್ಬೇಡಿ. ವಾರಕ್ಕೆ ಒಂದ್ಸಲ, ಅರ್ಧ. ಊಟ ಆದ ಮೇಲೆ, ಖಾಲಿ ಹೊಟ್ಟೇಲಿ ಅಲ್ಲ. ತಟ್ಟೆಲಿಟ್ಟು, ಕೂತ್ಕೊಂಡು, ಯಾರ ಜೊತೆಗಾದ್ರೂ. ಮಧ್ಯಾಹ್ನದ ಊಟ ಮಾತ್ರ ಯಾವತ್ತೂ ತಪ್ಪಿಸ್ಬೇಡಿ. ನಿಮ್ಮ ನಾಲ್ಕು ಗಂಟೆ ಇದೆಯಲ್ಲ, ಅದರ ಅರ್ಧ ಭಾಗ ಬರೀ ಹಸಿವು.”

“ಇನ್ನರ್ಧ?”

“ಅದು ನಂಗೊತ್ತಿಲ್ಲ. ಬೇಜಾರು ಇರ್ಬಹುದು. ಸ್ವಲ್ಪ ದಿನ ಗಮನ ಇಟ್ಟು ನೋಡಿ.”

ಆ ಚಳಿಗಾಲ ಅವಳು ಚುಕ್ಕಾಣಿ ಮುಟ್ಟಲಿಲ್ಲ. ರೂಲೊಫ್ ಒಬ್ಬನೇ ನಡೆಸಬೇಕಾದ್ದರಿಂದ ಹಡಗನ್ನು ಮಧ್ಯಾಹ್ನ ಮೂರಕ್ಕೇ ದಡಕ್ಕೆ ಕಟ್ಟಿಬಿಡುತ್ತಿದ್ದರು. ಅವಳಿಗೆ ಕೈತುಂಬ ಹೊತ್ತು ಸಿಕ್ಕಿತು. ಮೂರೂವರೆಗೆ ಒಂದು ಸೇಬು ಹೆಚ್ಚಿ, ದಾಲ್ಚಿನ್ನಿ ಪುಡಿ ಉದುರಿಸಿ, ಗಟ್ಟಿ ಮೊಸರಿಗೆ ಕಲಸಿ ತಿಂದು ನೋಡಿದಳು. ಮೊದಲ ವಾರ ಅದು ಆಸ್ಪತ್ರೆಯ ಊಟದ ಹಾಗಿತ್ತು. ಬರಬರುತ್ತ ದಾಲ್ಚಿನ್ನಿಯ ವಾಸನೆಗೇ ಬಾಯಿ ಹೊಂದಿಕೊಂಡಿತು. ಕೆಲವು ದಿನ ಒಂದು ಹಿಡಿ ಅಕ್ರೋಟು, ಕೆಲವು ದಿನ ಕರಿಬ್ರೆಡ್ಡಿನ ತುಂಡು. ಹೊಟ್ಟೆಯಲ್ಲಿ ಏನಾದರೂ ಇದ್ದರೆ ನಾಲ್ಕು ಗಂಟೆ ಬಂದು ಬಾಗಿಲು ತಟ್ಟುತ್ತಿತ್ತೇ ಹೊರತು ಒದೆಯುತ್ತಿರಲಿಲ್ಲ. ಅಂಥ ಹೊತ್ತಿಗೆ ಎದ್ದು ಡೆಕ್ಕಿನ ಮೇಲೆ ಮೂತಿಯಿಂದ ಹಿಂಬದಿಯವರೆಗೆ ನಡೆದು ಬಂದರೆ, ಅದು ಸದ್ದಿಲ್ಲದೆ ಹೊರಟುಹೋಗಿರುತ್ತಿತ್ತು. ಪ್ರತಿಸಲವೂ ಅಲ್ಲ. ಎದುರಿಗೆ ಮಾತಾಡಲು ಯಾರಾದರೂ ಇದ್ದ ದಿನ ಅದು ಬರುವುದೇ ಅಪರೂಪ ಎಂಬುದನ್ನೂ ಅವಳು ಕಂಡುಕೊಂಡಳು. ರೂಲೊಫ್ ಮಾತಿನವನಲ್ಲ. ಆದರೂ ಆ ಹೊತ್ತಿಗೆ ಅವನು ಮಲಗುವುದನ್ನು ಬಿಟ್ಟು ಕಾಫಿ ಹಿಡಿದು ಕೂರತೊಡಗಿದ. ಇಬ್ಬರೂ ಹಾದುಹೋಗುವ ಹಡಗುಗಳ ಸಂಸಾರವನ್ನು ಆಡಿಕೊಳ್ಳುತ್ತಿದ್ದರು.

ಕ್ರೈನನ ಜೊತೆ ಹೊಸ ಕರಾರಾಯಿತು.

“ಭಾನುವಾರಕ್ಕೆ ಬಾದಾಮಿದು ಅರ್ಧ ಕೊಡು.”

“ಅರ್ಧ ಯಾರು ಮಾರ್ತಾರೆ? ಉಳಿದರ್ಧ ನಾನು ಏನ್ ಮಾಡ್ಲಿ?”

“ಒಂದು ಕೊಡು. ಅರ್ಧ ರೂಲೊಫ್ ತಿಂತಾನೆ.”

“ಅವನು ಸಿಹಿ ಮುಟ್ಟಲ್ಲ ಅಂತಿದ್ದೆ.”

“ಈಗ ಮುಟ್ತಾನೆ. ಮುಖ ಮಾತ್ರ ಹಂಗೇ ಇದೆ.”

ನದಿಯವರು ಅಷ್ಟು ಸುಲಭಕ್ಕೆ ಬಿಡಲಿಲ್ಲ. “ಗೇಸೀನಾ, ಸ್ವರ್ಗದಲ್ಲಿ ಹವಾ ಹೆಂಗಿದೆ?” ಎಂದು ವೈರ್‌ಲೆಸ್‌ನಲ್ಲಿ ಕೇಳುವುದು ಕೆಲವು ತಿಂಗಳು ನಡೆಯಿತು. ಮೊದಲು ಅವಳಿಗೆ ಮುಖ ಬಿಸಿಯಾಗುತ್ತಿತ್ತು. ಒಂದು ದಿನ ರೂಲೊಫನ ಕೈಯಿಂದ ವೈರ್‌ಲೆಸ್ ಕಿತ್ತುಕೊಂಡು, “ಇಲ್ಲಿ ಅತ್ತೆ ಇದಾರೆ, ಅದಕ್ಕೇ ಚಳಿ” ಎಂದಳು. ಆಮೇಲೆ ಕೇಳುವವರು ಕಡಿಮೆಯಾದರು.

ವಸಂತದಲ್ಲಿ ಚುಕ್ಕಾಣಿ ಹಿಡಿಯಲು ಒಪ್ಪಿಗೆ ಸಿಕ್ಕಿತು. ಸಕ್ಕರೆ ಇಳಿದಿತ್ತು, ಹನ್ನೆಕೆ ಬಯಸಿದಷ್ಟಲ್ಲದಿದ್ದರೂ ಅದರ ಹತ್ತಿರಕ್ಕೆ. ಡಾಕ್ಟರು ವರ್ಷಕ್ಕೊಮ್ಮೆ ಕಣ್ಣು, ಪಾದ ನೋಡಿ ಕಳಿಸುತ್ತಿದ್ದರು. ಚುಕ್ಕಾಣಿ ಕೋಣೆಯ ಖಾನೆಯಲ್ಲಿ ಈಗ ಗ್ಲೂಕೋಸ್ ಬಿಲ್ಲೆಗಳಿದ್ದವು. ಅವು ಔಷಧಿಯೆಂದು ಅವಳು ಒಪ್ಪಿಕೊಂಡಿದ್ದಳು. ಅವುಗಳ ಕಡೆಗೆ ಕೈ ಹೋಗಲಿಲ್ಲ. ಅವುಗಳಿಗೆ ರುಚಿಯೂ ಇರಲಿಲ್ಲ ಅನ್ನಿ.

ಡಿಸೆಂಬರಿನಲ್ಲಿ ಸಂತ ನಿಕೋಲಾಸನ ಹಬ್ಬ ಬಂತು. ಆ ಹಬ್ಬಕ್ಕೆ ಒಬ್ಬೊಬ್ಬರಿಗೂ ಅವರವರ ಹೆಸರಿನ ಮೊದಲಕ್ಷರವನ್ನು ಚಾಕೊಲೇಟಿನಲ್ಲಿ ಮಾಡಿ ಕೊಡುವುದು ರೂಢಿ. ಮಗಳು ಲೀಸ್ಬೆತ್ ಪ್ರತಿವರ್ಷದಂತೆ ಅಮ್ಮನಿಗೊಂದು, ಅಪ್ಪನಿಗೊಂದು ಕಳಿಸಿದಳು. ಅಂಗೈಯಗಲದ ದಪ್ಪ ಅಕ್ಷರ. ಯಾಂಟೀನಾ ಅದನ್ನು ಮೂಲೆ ಮುರಿದು ರುಚಿ ನೋಡಿದಳು. ಕಾಗದ ಮಡಚಿಟ್ಟಳು. ಮತ್ತೆ ಬಿಚ್ಚಿದಳು. ಹಡಗುಗಳನ್ನು ಏರಿಸಿ ಇಳಿಸುವ ಜಲದ್ವಾರದಲ್ಲಿ ಸರದಿಗೆ ಕಾಯುತ್ತಿದ್ದ ದಿನ ಅದು. ಮಂಜು ಕವಿದಿತ್ತು, ರೂಲೊಫ್ ಇಂಜಿನ್ ಕೋಣೆಯಲ್ಲಿದ್ದ. ಸಂಜೆಯೊಳಗೆ ಅವಳ ಅಕ್ಷರ ಮುಗಿದಿತ್ತು. ಅವನ ‘R’ ಅಕ್ಷರದ ಒಂದು ಕಾಲೂ ಹೋಗಿತ್ತು.

ರೂಲೊಫ್ ಬಂದು ಕುಂಟ ಅಕ್ಷರವನ್ನು ನೋಡಿದ, ಹೆಂಡತಿಯನ್ನು ನೋಡಿದ.

“ಪೂರ್ತಿನಾ?”

“ಪೂರ್ತಿ.”

“ಅಡುಗೆ ಕೋಣೆಯಲ್ಲೇ ತಾನೇ?”

“ಇಲ್ಲೇ. ಕುರ್ಚಿ ಮೇಲೆ ಕೂತ್ಕೊಂಡು.”

ಅವನು ಉಳಿದ ತುಂಡನ್ನು ಜೇಬಿಗೆ ಹಾಕಿಕೊಂಡು ಮತ್ತೆ ಕೆಳಗಿಳಿದ.

ಮಾರನೆಯ ದಿನ ಯಾಂಟೀನಾ ಬೆಳಿಗ್ಗೆ ಎದ್ದು ಬೆರಳು ಚುಚ್ಚಿ ರಕ್ತ ನೋಡಿಕೊಂಡಳು. ಸಕ್ಕರೆ ಏರಿತ್ತು. ಏರದೆ ಇರುವುದಕ್ಕೆ ಕಾರಣವಿರಲಿಲ್ಲ. ಮಾತ್ರೆ ನುಂಗಿ, ಕರಿಬ್ರೆಡ್ಡು ಚೀಸು ತಿಂದಳು. ಹೊತ್ತು ಏರುತ್ತಿದ್ದಂತೆ ಹಳೆಯ ಲೆಕ್ಕಾಚಾರ ತಲೆಯೊಳಗೆ ಶುರುವಾಯಿತು: ಮಧ್ಯಾಹ್ನದ್ದು ಬಿಟ್ಟರೆ ಸರಿಹೋಗುತ್ತದೆ, ಒಂದೇ ಒಂದು ಹೊತ್ತು. ಅವಳು ಬಟಾಣಿ ಸೂಪು ಬಿಸಿಗಿಟ್ಟಳು. ಅದು ಕುದಿಯುವವರೆಗೂ ಒಲೆಯ ಮುಂದೆ ನಿಂತು ಬಡಿಸುವುದೋ ಬೇಡವೋ ಎಂದು ತೂಗಿದಳು. ಆಮೇಲೆ ಎರಡು ತಟ್ಟೆ ತೆಗೆದಳು.

ರೂಲೊಫ್ ಕೈ ಒರೆಸಿಕೊಂಡು ಬಂದು ಕುಳಿತ. ಎರಡನೆಯ ತಟ್ಟೆಯನ್ನು ಅವಳ ಕಡೆಗೆ ಸರಿಸಿದ. ಸೂಪು ದಪ್ಪಗಾಗಿದೆ ಎಂದ. ನಿನ್ನೆಯದಲ್ಲವೇ, ದಪ್ಪಗಾಗುತ್ತದೆ ಎಂದಳು ಅವಳು. ಹೊರಗೆ ಜಲದ್ವಾರದವನು ಅವರ ಹಡಗನ್ನು ಕರೆಯುವುದಕ್ಕೆ ಇನ್ನೂ ಹೊತ್ತಿತ್ತು. ಅವಳು ಇನ್ನೊಂದು ಸೌಟು ಹಾಕಿಕೊಂಡಳು. ಮುಂದೆ ಹಗ್ಗ ಎಸೆಯುವ ಕೆಲಸವಿತ್ತು, ಚಳಿಯೂ ಇತ್ತು.